ಊರಿಂದ ಹೋದ ವರದಿಗೆ ಊರಿಗೇ ಉತ್ತರ ಬರಲಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ಮಾನ್ಯರೇ,

ನಮಸ್ಕಾರ. ಮಂಗನ ಕಾಯಿಲೆಗೆ ಹೊಸ ಲಸಿಕೆ ಬರುತ್ತದೆ ಎಂಬ ಮಾತು ನಮ್ಮ ಕಡೆ ಓಡಾಡುತ್ತಿದೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಅದನ್ನು ತಯಾರಿಸುತ್ತಿವೆ ಎಂದು ಪತ್ರಿಕೆಯಲ್ಲಿ ಓದಿದ್ದೇವೆ. ಬರಲಿ, ಬೇಗ ಬರಲಿ. ಆದರೆ ಅದು ಬರುವ ಮೊದಲು ನಿಮ್ಮ ಇಲಾಖೆ ನಮ್ಮ ಊರುಗಳಿಗೆ ಹಳೆಯ ಬಾಕಿಯೊಂದನ್ನು ತೀರಿಸಬೇಕಿದೆ. ಹಳೆಯ ಲಸಿಕೆಯ ಬಗ್ಗೆ ಹೇಳಬೇಕಿದ್ದ, ಹೇಳದೇ ಉಳಿದ ಮಾತುಗಳ ಬಾಕಿ ಅದು. ಅದನ್ನು ಹಾಗೇ ಇಟ್ಟುಕೊಂಡು ಹೊಸ ಸೂಜಿ ಹಿಡಿದು ಬಂದರೆ ಜನ ತೋಳು ಒಡ್ಡುತ್ತಾರೆ ಎಂಬ ನಂಬಿಕೆ ನನಗಿಲ್ಲ.

ನಾನು ಶಿರಸಿ–ಸಿದ್ದಾಪುರ ಗಡಿಯ ಒಂದು ಹಳ್ಳಿಯವಳು. ಒಂದಿಷ್ಟು ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಎರಡು ಆಕಳು ನಮ್ಮ ಆಸ್ತಿ. ಊರಿನ ಆರೋಗ್ಯ ಸಮಿತಿಯಲ್ಲಿ ಸದಸ್ಯೆ. ಡಾಕ್ಟರಲ್ಲ, ನರ್ಸೂ ಅಲ್ಲ. ಲಸಿಕೆಯ ವಿರೋಧಿಯೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಲಸಿಕೆ ಬಗ್ಗೆ ಒಂದು ಪ್ರಶ್ನೆ ಕೇಳಿದರೂ ಸಾಕು, ಈಗ ಆ ಹಣೆಪಟ್ಟಿ ಅಂಟಿಸಿಬಿಡುತ್ತಾರೆ. ನನ್ನ ಮಕ್ಕಳಿಗೆ ತಾಯಿ ಕಾರ್ಡಿನಲ್ಲಿದ್ದ ಲಸಿಕೆ ಎಲ್ಲ ಹಾಕಿಸಿದ್ದೇನೆ. ಮಂಗನ ಕಾಯಿಲೆಯ ಚುಚ್ಚುಮದ್ದನ್ನೂ ಮನೆಯವರೆಲ್ಲ ತೆಗೆದುಕೊಂಡಿದ್ದೆವು.

ಆ ಚುಚ್ಚುಮದ್ದಿನ ಕಥೆ ನಿಮಗೆ ಗೊತ್ತೇ ಇದೆ. ಇದನ್ನು ಓದುವ ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣುಗು ಉದುರುತ್ತದೆ. ಸೊಪ್ಪಿಗೆ, ಕಟ್ಟಿಗೆಗೆ, ದನ ಹುಡುಕಲು ಹೋದವರಿಗೆ ಅದು ಕಚ್ಚುತ್ತದೆ. ನೂರು ಜನಕ್ಕೆ ಕಾಯಿಲೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೇ ಅಂತ ಒಂದು ಔಷಧಿ ಇಲ್ಲ. ಜ್ವರ ಇಳಿಸಿ, ಡ್ರಿಪ್ ಹಾಕಿ, ರಕ್ತಸ್ರಾವ ಆಗದಂತೆ ನೋಡಿಕೊಳ್ಳುವುದಷ್ಟೇ.

1990ರಿಂದ ಲಸಿಕೆ ಕೊಡಲು ಶುರು ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. 7ರಿಂದ 65 ವರ್ಷದವರಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್. ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್. ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ.

ತೆಗೆದುಕೊಂಡವರಿಗೆ ಗೊತ್ತು ಅದರ ನೋವು. ತೋಳು ಬಾತುಕೊಂಡು ದೋಟಿ ಎತ್ತಲು ಆಗುತ್ತಿರಲಿಲ್ಲ. ತೋಟ ಇದ್ದವರು ಹೇಗೋ ಸುಧಾರಿಸಿಕೊಂಡರು. ದಿನಗೂಲಿಯವರಿಗೆ ಆ ನೋವೆಂದರೆ ಎರಡು ದಿನದ ಸಂಬಳ ಖೋತಾ. ಹಾಗಾಗಿ ಮೊದಲ ಡೋಸ್ ತೆಗೆದುಕೊಂಡವರು ಎರಡನೆಯದಕ್ಕೆ ತಲೆ ತಪ್ಪಿಸಿದರು. ಎರಡನೆಯದಕ್ಕೆ ಬಂದವರು ಬೂಸ್ಟರ್ ಹೊತ್ತಿಗೆ ನಾಪತ್ತೆ. ಇಲಾಖೆಯವರು ಇದನ್ನು ಜನರ ಅಸಡ್ಡೆ ಎಂದು ಕರೆದರು. ಆದರೆ ಆ ನೋವನ್ನು, ಆ ಬಾವನ್ನು, ಆ ಜ್ವರವನ್ನು ಮನೆಮನೆಗೆ ಬಂದು ಯಾರಾದರೂ ಬರೆದುಕೊಂಡರಾ? ನಮ್ಮ ಮನೆಗಂತೂ ಬರಲಿಲ್ಲ. ಬಂದಿದ್ದರೆ ಜನ ಯಾಕೆ ತಪ್ಪಿಸಿಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತಿತ್ತು. ಕೂಲಿಯವರಿಗೆ ಶನಿವಾರ ಸಂಜೆ ಇಂಜೆಕ್ಷನ್ ಕೊಟ್ಟು ಭಾನುವಾರ ಮಲಗಲು ಬಿಟ್ಟಿದ್ದರೂ ಎಷ್ಟೋ ಜನ ಕೋರ್ಸ್ ಮುಗಿಸುತ್ತಿದ್ದರು.

ಇನ್ನೊಂದು ಮಾತು. ಕರ್ನಾಟಕದಲ್ಲಿ 2005ರಿಂದ 2010ರ ವರೆಗಿನ ಲೆಕ್ಕ ಹಿಡಿದು ನೋಡಿದಾಗ, ಎರಡು ಡೋಸಿನಿಂದ ನೂರಕ್ಕೆ ಸುಮಾರು 62ರಷ್ಟು ರಕ್ಷಣೆ, ಬೂಸ್ಟರೂ ಸೇರಿದರೆ ಸುಮಾರು 83ರಷ್ಟು ರಕ್ಷಣೆ ಸಿಕ್ಕಿತ್ತು. ಅಂದರೆ ಪೂರ್ತಿ ಕೋರ್ಸ್ ಮಾಡಿದವರಿಗೂ ಕಾಯಿಲೆ ಬರುವ ಸಾಧ್ಯತೆ ಇತ್ತು. ಈ ಅಂಕಿ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು: "ತಗೊಳ್ಳಿ, ಏನೂ ಆಗಲ್ಲ." ಲಸಿಕೆ ತೆಗೆದುಕೊಂಡವನೊಬ್ಬ ಜ್ವರ ಬಂದು ಮಲಗಿದ ಕೂಡಲೇ ಇಡೀ ಊರು ತೀರ್ಮಾನಿಸಿತು, "ಅದರಲ್ಲಿ ಬರೀ ನೀರು." ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ನಮ್ಮವರಿಗೆ ಅರ್ಥವಾಗುತ್ತಿರಲಿಲ್ಲವೇ? ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದರೂ ಕೆಲವು ವರ್ಷ ಕೊಳೆರೋಗ ಬರುತ್ತದೆ. ಹಾಗಂತ ಯಾರೂ ಬೋರ್ಡೋ ಹೊಡೆಯುವುದನ್ನು ಬಿಟ್ಟಿಲ್ಲ.

ಕೊನೆಗೆ 2022ರಲ್ಲಿ ಆ ಲಸಿಕೆ ನಿಂತಿತು. ಪರೀಕ್ಷೆಯಲ್ಲಿ ಅದಕ್ಕೆ ಬೇಕಾದಷ್ಟು ಸಾಮರ್ಥ್ಯ ಕಾಣುತ್ತಿಲ್ಲ ಎಂಬುದು ಕಾರಣ. ನಿಲ್ಲಿಸಿದ್ದು ಸರಿಯೇ. ಬಲವಿಲ್ಲದ ಲಸಿಕೆ ಕೊಡುತ್ತಾ ಹೋಗುವುದಕ್ಕಿಂತ ನಿಲ್ಲಿಸುವುದು ಲೇಸು. ನನ್ನ ದೂರು ಬೇರೆ. ಅದು ನಿಂತದ್ದು ನಮಗೆ ಗೊತ್ತಾದದ್ದು ಪತ್ರಿಕೆಯಿಂದ. ನಾವು ತೆಗೆದುಕೊಂಡ ಬ್ಯಾಚ್ ಯಾವುದು, ಅದಕ್ಕೆ ಬಲ ಇತ್ತಾ ಇಲ್ಲವಾ, ಹಾಕಿಸಿಕೊಂಡವರು ಈಗ ಏನು ಮಾಡಬೇಕು, ಕಾಡಿಗೆ ಹೋಗುವಾಗ ಮೊದಲಿಗಿಂತ ಜಾಸ್ತಿ ಎಚ್ಚರ ಬೇಕಾ? ಇದನ್ನೆಲ್ಲ ಹೇಳಲು ನಮ್ಮೂರಿಗೆ ಯಾರೂ ಬರಲಿಲ್ಲ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಕಾಯಿಲೆ ಜೋರಾಯಿತು, ಸಾವೂ ಆಯಿತು. ಆಗ ನಮ್ಮ ಕೈಯಲ್ಲಿ ಲಸಿಕೆ ಇರಲಿಲ್ಲ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಇತ್ತು, ಅಷ್ಟೆ.

ಈಗ ಮಕ್ಕಳ ಲಸಿಕೆಗೆ ಬರುತ್ತೇನೆ. ನಮ್ಮ ಕೇರಿಯಲ್ಲೇ ನಡೆದದ್ದು ಇದು. ಒಂದೂವರೆ ವರ್ಷದ ಒಂದು ಕೂಸಿಗೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಬೂಸ್ಟರ್ ಹಾಕಿಸಿಕೊಂಡು ಬಂದರು. ರಾತ್ರಿ ಜ್ವರ ಏರಿತು. ನಡುರಾತ್ರಿ ಫಿಟ್ಸ್ ಬಂತು. ಕೂಸು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು. ಜೀಪು ಹುಡುಕಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಫಿಟ್ಸ್ ನಿಂತಿತ್ತು. ಆಸ್ಪತ್ರೆಯಲ್ಲಿ ಇಟ್ಟುಕೊಂಡು, ನೋಡಿ ಕಳಿಸಿದರು. ಈಗ ಆ ಹುಡುಗ ಆರಾಮಾಗಿ ಶಾಲೆಗೆ ಹೋಗುತ್ತಿದ್ದಾನೆ.

ಮರುದಿನ ಆಶಾ ಕಾರ್ಯಕರ್ತೆ ಬಂದಳು. ಸಿಸ್ಟರ್ ಬಂದರು. ಅವರ ಮೇಲಿನವರೂ ಬಂದರು. ತಾಯಿ ಕಾರ್ಡಿನ ಫೋಟೋ ತೆಗೆದರು. ಲಸಿಕೆಯ ಬ್ಯಾಚ್ ನಂಬರ್ ಬರೆದುಕೊಂಡರು. ಕೂಸಿನ ಅಮ್ಮನ ಹತ್ತಿರ ಹಾಳೆಗಟ್ಟಲೆ ಪ್ರಶ್ನೆ ಕೇಳಿದರು. ಅದು ಒಳ್ಳೆಯ ಕೆಲಸವೇ. ಲಸಿಕೆಯ ನಂತರ ಮಗು ಆಸ್ಪತ್ರೆ ಸೇರಿದರೆ, ಅಥವಾ ಇನ್ನೂ ದೊಡ್ಡದೇನಾದರೂ ಆದರೆ, 24 ಗಂಟೆಯೊಳಗೆ ಜಿಲ್ಲೆಗೆ ವರದಿ ಹೋಗಬೇಕೆಂಬ ನಿಯಮವೇ ಇದೆ. ಅಲ್ಲಿಂದ ರಾಜ್ಯಕ್ಕೆ, ದೆಹಲಿಗೆ. ಜಿಲ್ಲೆಗೊಂದು, ರಾಜ್ಯಕ್ಕೊಂದು, ದೇಶಕ್ಕೊಂದು ಸಮಿತಿ ಕೂತು ಕಾರಣ ಹುಡುಕುತ್ತದೆ. ಲಸಿಕೆಯ ಗುಣದಿಂದಲೇ ಆದದ್ದಾ, ತಯಾರಿಕೆಯಲ್ಲಿ ದೋಷವಾ, ಇಟ್ಟ ರೀತಿ ಅಥವಾ ಕೊಟ್ಟ ರೀತಿ ತಪ್ಪಾ, ಸೂಜಿಯ ಹೆದರಿಕೆಯಾ, ಇಲ್ಲಾ ಲಸಿಕೆಗೆ ಸಂಬಂಧವೇ ಇಲ್ಲದೆ ಅದೇ ಹೊತ್ತಿಗೆ ಬಂದ ಬೇರೆ ಕಾಯಿಲೆಯಾ ಎಂದು ವಿಂಗಡಿಸುತ್ತಾರೆ.

ಸರಿ, ಆಮೇಲೆ? ಆಮೇಲೆ ಏನೂ ಇಲ್ಲ. ಆ ಮನೆಗೆ ಒಂದು ಕಾಗದ ಬರಲಿಲ್ಲ, ಒಂದು ಫೋನ್ ಬರಲಿಲ್ಲ. ವರದಿ ಘಟ್ಟ ಇಳಿದು ಕಾರವಾರಕ್ಕೆ ಹೋದದ್ದು ಹೋದದ್ದೇ.

ಕೊಡಬೇಕಿದ್ದ ಉತ್ತರ ದೊಡ್ಡದೇನಲ್ಲ. ನಾನೇ ಶಿರಸಿಯಲ್ಲಿ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡೆ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರ ಏರಿದಾಗ ಫಿಟ್ಸ್ ಬರುತ್ತದೆ. ಯಾವ ಜ್ವರಕ್ಕಾದರೂ ಬರಬಹುದು. ಡಿಪಿಟಿಗೆ ಜ್ವರ ಬರುವುದು ಮಾಮೂಲು. ಆ ಜ್ವರಕ್ಕೇ ಫಿಟ್ಸ್ ಬಂದಿರಬಹುದು. ನೋಡಿದವರ ಜೀವ ಹೋದಂತಾಗುತ್ತದೆ, ಆದರೆ ಹೆಚ್ಚಿನ ಮಕ್ಕಳಿಗೆ ಮುಂದೆ ಇದರಿಂದ ತೊಂದರೆ ಇಲ್ಲ. ಮುಂದಿನ ಲಸಿಕೆ ಹಾಕಿಸುವ ಮೊದಲು ಡಾಕ್ಟರಿಗೆ ಹೀಗಾಗಿತ್ತು ಅಂತ ಹೇಳಬೇಕು. ಇಷ್ಟೇ. ಇದನ್ನು ನಿಮ್ಮವರು ಬಂದು ಆ ಮನೆಯ ಜಗಲಿಯಲ್ಲಿ ಕೂತು, ಅಕ್ಕಪಕ್ಕದವರನ್ನೂ ಕರೆದು ಹೇಳಿದ್ದರೆ ಅರ್ಧ ಗಂಟೆಯ ಕೆಲಸ.

ಹೇಳಲಿಲ್ಲವಾದ್ದರಿಂದ ಊರೇ ಉತ್ತರ ತಯಾರಿಸಿಕೊಂಡಿತು. ಬಾಟಲಿ ಹಾಳಾಗಿತ್ತಂತೆ. ಡೇಟ್ ಮುಗಿದಿತ್ತಂತೆ. ದೊಡ್ಡವರ ಡೋಸ್ ಕೊಟ್ಟರಂತೆ. ಮುಂದಿನ ತಿಂಗಳು ಅಂಗನವಾಡಿಯಲ್ಲಿ ಲಸಿಕೆಯ ದಿನ ಎಷ್ಟೋ ತಾಯಂದಿರು "ಈ ಸಲ ಬೇಡ, ಮುಂದಿನ ತಿಂಗಳು ನೋಡುವಾ" ಅಂದರು. ಆಶಾ ಮನೆಮನೆ ಸುತ್ತಿ ಬೈಸಿಕೊಂಡಳು. ಅವಳೇನು ಮಾಡಿಯಾಳು, ಅವಳ ಹತ್ತಿರವೂ ಉತ್ತರ ಇರಲಿಲ್ಲ.

ದೆಹಲಿಯ ಸಮಿತಿ ಮುಗಿಸಿದ ಪ್ರಕರಣಗಳ ತೀರ್ಮಾನ ಆರೋಗ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ಬರುತ್ತದೆ ಎನ್ನಬಹುದು. ಬರುತ್ತದೆ, ನೋಡಿದ್ದೇನೆ. ಇಂಗ್ಲಿಷಿನಲ್ಲಿ, ಪಟ್ಟಿಯ ರೂಪದಲ್ಲಿ, ಎ1, ಬಿ1, ಸಿ ಎಂಬ ಗುರುತುಗಳಲ್ಲಿ. ಜೋಯಿಡಾದ ಕಾಡೊಳಗಿನ ತಾಯಿಯೊಬ್ಬಳು ಅದನ್ನು ಓದಿ ಸಮಾಧಾನ ಪಡಬೇಕೆಂದು ಯಾರೂ ನಿರೀಕ್ಷಿಸಲಾರರು, ಅಲ್ವಾ?

ನಿಗಾ ಇಡುವ ವ್ಯವಸ್ಥೆಯೇ ಸುಳ್ಳು ಎಂದು ಹೇಳುವವರ ಜೊತೆ ನಾನಿಲ್ಲ. ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕಷ್ಟು ಉದಾಹರಣೆ ಇವೆ. ಅಮೆರಿಕದಲ್ಲಿ 1998ರಲ್ಲಿ ರೋಟಾ ವೈರಸ್ ಭೇದಿಗೆ ಮೊದಲ ಲಸಿಕೆ ಬಂತು. ಕೆಲವು ಕೂಸುಗಳ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತಿದೆ ಎಂಬ ವರದಿ ಬಂದದ್ದೇ 1999ರಲ್ಲಿ ಅದನ್ನು ವಾಪಸ್ ಪಡೆದರು. ಆ ಪಾಠ ಕಲಿತ ಮೇಲೆ ಬೇರೆ ಲಸಿಕೆಗಳು ಬಂದವು. ಈಗ ನಮ್ಮ ಅಂಗನವಾಡಿಯಲ್ಲಿ ಹಾಕುವ ರೋಟಾ ಹನಿ ಆ ಹಳೆಯದಲ್ಲ. ಪೋಲಿಯೋ ಹನಿಯ ವಿಷಯವೂ ಹಾಗೇ. ಅದರೊಳಗಿನ ಎರಡನೇ ಮಾದರಿಯ ವೈರಸ್ಸೇ ಅಪರೂಪಕ್ಕೆ ಕಾಲು ಬೀಳಿಸುತ್ತದೆ ಎಂದು ಗೊತ್ತಾದ ಮೇಲೆ 2016ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿ ಹನಿಯನ್ನೇ ಬದಲಾಯಿಸಿದರು. ಈ ಸಂಗತಿಗಳನ್ನು ಹೇಳಲು ಇಲಾಖೆಗೆ ಯಾಕೋ ಸಂಕೋಚ. ಹೇಳಿದರೆ ಜನ ಹೆದರುತ್ತಾರೆ ಎಂಬ ಲೆಕ್ಕ. ನನ್ನ ಅನುಭವ ಉಲ್ಟಾ. ನಮ್ಮ ಮಹಿಳಾ ಸಂಘದಲ್ಲಿ ರೋಟಾ ಕಥೆ ಹೇಳಿದಾಗ ಒಬ್ಬ ಅಜ್ಜಿ, "ಹಂಗಾರೆ ನೋಡ್ತಾ ಇರ್ತಾರೆ ಅನ್ನು" ಅಂದರು.

ಕೋವಿಡ್ ಲಸಿಕೆಯಲ್ಲಿ ಆದದ್ದು ಇನ್ನೂ ವಿಚಿತ್ರ. 2021ರ ಮೇ ತಿಂಗಳಲ್ಲೇ ಕೇಂದ್ರದ ಸಮಿತಿ ರಕ್ತ ಹೆಪ್ಪುಗಟ್ಟುವ ತೊಂದರೆಯ ಬಗ್ಗೆ ಹೇಳಿತ್ತು. 498 ಗಂಭೀರ ಪ್ರಕರಣ ನೋಡಿದಾಗ 26ರಲ್ಲಿ ಅಂಥ ಲಕ್ಷಣ ಕಂಡಿತು. ಕೋವಿಶೀಲ್ಡ್‌ನ ಹತ್ತು ಲಕ್ಷ ಡೋಸಿಗೆ ಲೆಕ್ಕ ಹಾಕಿದರೆ 0.61. ಅಂದರೆ ಹತ್ತು ಲಕ್ಷಕ್ಕೆ ಒಂದೂ ಅಲ್ಲ. ತೀವ್ರ ತಲೆನೋವು, ಉಸಿರಾಟದ ತೊಂದರೆ, ಕಾಲು ಬಾವು ಕಂಡರೆ ಆಸ್ಪತ್ರೆಗೆ ಬನ್ನಿ ಎಂದೂ ಹೇಳಿತ್ತು. ಮರು ತಿಂಗಳು, 68 ವರ್ಷದ ಒಬ್ಬರು ಲಸಿಕೆಯಿಂದಾದ ತೀವ್ರ ಅಲರ್ಜಿಯಿಂದಲೇ ತೀರಿಕೊಂಡರು ಎಂದು ಸಮಿತಿ ಒಪ್ಪಿಕೊಂಡಿತು. ಇಷ್ಟನ್ನೂ ಸರಕಾರವೇ ಹೇಳಿತ್ತು. ಆದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಗೋಡೆಯ ಮೇಲೆ ಇದರಲ್ಲಿ ಒಂದು ಸಾಲೂ ಬರಲಿಲ್ಲ. ಪರಿಣಾಮ ಏನು? 2024ರಲ್ಲಿ ಕೋವಿಶೀಲ್ಡ್‌ನ ಮೂಲ ಕಂಪನಿಯಾದ ಅಸ್ಟ್ರಾಜೆನೆಕಾ ಬ್ರಿಟನ್ನಿನ ಕೋರ್ಟಿನಲ್ಲಿ ಈ ತೊಂದರೆಯನ್ನು ಒಪ್ಪಿಕೊಂಡಿತೆಂಬ ಸುದ್ದಿ ಬಂದಾಗ, ಮೂರು ವರ್ಷ ಮುಚ್ಚಿಟ್ಟಿದ್ದು ಈಗ ಹೊರಬಿತ್ತು ಎಂದೇ ನಮ್ಮ ಕಡೆಯವರು ಓದಿಕೊಂಡರು. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಬೇರೆ ಮಾತೇ ಇರಲಿಲ್ಲ.

ಅಲ್ಲಿಂದ ಮುಂದೆ ಯಾರಿಗೆ ಎದೆನೋವು ಬಂದರೂ ಲಸಿಕೆಯೇ ಕಾರಣ. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಮುಖ್ಯಮಂತ್ರಿಗಳೇ ಲಸಿಕೆಯ ಬಗ್ಗೆ ಸಂಶಯ ಎತ್ತಿದರು. ಆಮೇಲೆ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಎಂದಿತು. ಐಸಿಎಂಆರ್ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ನೋಡಿ ಅದೇ ಮಾತು ಹೇಳಿತ್ತು. ಮನೆತನದಲ್ಲಿ ಹಿಂದೆ ಹಠಾತ್ ಸಾವು ಆಗಿದ್ದು, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಸಾಯುವ ಮೊದಲಿನ ಎರಡು ದಿನದಲ್ಲಿ ವಿಪರೀತ ಕುಡಿದದ್ದು ಇಂಥವು ಅಪಾಯ ಹೆಚ್ಚಿಸಿದ್ದವು. ಸಂಶಯದ ಸುದ್ದಿ ಎಲ್ಲರ ಮೊಬೈಲಿಗೂ ಬಂತು. ಸಮಾಧಾನದ ಸುದ್ದಿ ಎಷ್ಟು ಜನಕ್ಕೆ ಬಂತು? ದೊಡ್ಡ ಕುರ್ಚಿಯಲ್ಲಿ ಕೂತವರು ಮೊದಲು ತನಿಖೆ ಮಾಡಿಸಿ ಆಮೇಲೆ ಮಾತಾಡಿದ್ದರೆ ಚೆನ್ನಾಗಿತ್ತು. ಇದು ನಿಮಗೆ ಹೇಳುವ ಮಾತಲ್ಲ ಬಿಡಿ.

ನಿಮಗೆ ಹೇಳಬೇಕಾದದ್ದು ನಮ್ಮ ಜಿಲ್ಲೆಯದ್ದೇ ಆದ ಒಂದು ಕಷ್ಟ. ಇಲ್ಲಿ ಜೀವಕ್ಕೆ ಬಂದರೆ ಜಿಲ್ಲೆಯೊಳಗೆ ಉಳಿಯುವವರು ಕಡಿಮೆ. ಕಾರವಾರದವರು ಗೋವಾಕ್ಕೆ ಓಡುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಮಂಗಳೂರಿಗೆ. ಹಳಿಯಾಳ, ಮುಂಡಗೋಡದವರು ಹುಬ್ಬಳ್ಳಿಗೆ. ಸಿದ್ದಾಪುರದವರು ಸಾಗರ, ಶಿವಮೊಗ್ಗಕ್ಕೆ. ಒಳ್ಳೆಯ ಆಸ್ಪತ್ರೆ ಬೇಕು ಎಂದು ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ, ಅದು ಬೇರೆ ಪತ್ರಕ್ಕೇ ಆಗುವಷ್ಟಿದೆ. ಈಗ ಯೋಚನೆ ಮಾಡಿ: ಅಂಕೋಲೆಯಲ್ಲಿ ಲಸಿಕೆ ಹಾಕಿಸಿಕೊಂಡ ಮಗು ಗೋವಾದ ಆಸ್ಪತ್ರೆಯಲ್ಲಿ ಮಲಗಿದೆ. ಅಲ್ಲಿನ ಡಾಕ್ಟರು ಮೂರು ದಿನದ ಹಿಂದೆ ಲಸಿಕೆ ಆಗಿತ್ತಾ ಎಂದು ಕೇಳುತ್ತಾರಾ? ಕೇಳಿದರೆ ಯಾರಿಗೆ ಬರೆಯುತ್ತಾರೆ? ಬರೆದದ್ದು ಕಾರವಾರದ ನಿಮ್ಮ ಕಚೇರಿಗೆ ಬಂದು ಮುಟ್ಟುತ್ತದಾ? ನಮ್ಮ ಜಿಲ್ಲೆಯಲ್ಲಿ ವರದಿ ಕಡಿಮೆ ಇದೆ ಎಂದರೆ ನಾನಂತೂ ಖುಷಿ ಪಡುವುದಿಲ್ಲ. ತೊಂದರೆ ಇಲ್ಲದ್ದಕ್ಕೆ ಕಡಿಮೆಯಾ, ಲೆಕ್ಕಕ್ಕೇ ಸಿಗದೆ ಹೊರಗೆ ಹೋಗಿದ್ದಕ್ಕೆ ಕಡಿಮೆಯಾ, ಅದು ಮೊದಲು ಗೊತ್ತಾಗಬೇಕು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ದೊಡ್ಡ ಆಸ್ಪತ್ರೆಗಳ ಮಕ್ಕಳ ವಿಭಾಗದ ಜೊತೆ ತಾಯಿ-ಮಕ್ಕಳ ಆರೋಗ್ಯ ನೋಡಿಕೊಳ್ಳುವ ನಿಮ್ಮ ಆರ್‌ಸಿಎಚ್ ಅಧಿಕಾರಿಗಳು ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವಂತೆ ಮಾಡಿ. ಇದಕ್ಕೆ ಬಜೆಟ್ ಬೇಕಿಲ್ಲ.

ವರದಿ ಬರದಿರಲು ಇನ್ನೊಂದು ಕಾರಣ ಹೆದರಿಕೆ. 2022ರ ಜನವರಿಯಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ನಂತರ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಡಬೇಕಾದ ಕಡೆ ಇಡದೆ ಇದ್ದದ್ದೇ ಕಾರಣ ಎಂದು ಸುದ್ದಿಯಾಯಿತು, ಸಿಬ್ಬಂದಿ ಅಮಾನತಾದರು. ಆ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಹಾಗೆ ಮಾಡದಿದ್ದರೆ ಅದರಲ್ಲಿ ಕ್ರಿಮಿ ಬೆಳೆದು ವಿಷವಾಗುತ್ತದೆ. ಬೇಜವಾಬ್ದಾರಿ ಮಾಡಿದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನಿಖೆಗೂ ಮೊದಲೇ ಅಮಾನತು ಎಂಬ ಪದ್ಧತಿ ಬಂದರೆ, ಬೆಟ್ಟ ಹತ್ತಿ ಇಳಿದು ಐಸ್ ಬಾಕ್ಸ್ ಹೊತ್ತು ತಿರುಗುವ ನಮ್ಮ ಸಿಸ್ಟರ್ ಸಣ್ಣ ತೊಂದರೆಯನ್ನು ಬರೆಯುತ್ತಾರಾ? ನಾನಾದರೂ ಬರೆಯುತ್ತಿರಲಿಲ್ಲ. ವರದಿ ಮಾಡಿದವರಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟರೆ ಇದೆ ಎಂದು ನೀವು ಲಿಖಿತವಾಗಿ ಹೇಳಿ. ಆಗ ನೋಡಿ ವರದಿ ಹೇಗೆ ಬರುತ್ತದೆ ಅಂತ.

ರಾಮದುರ್ಗದ ಸುದ್ದಿ ಬಂದಾಗ ನಮ್ಮ ತಾಯಂದಿರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮಲ್ಲಿ ಹೆಂಗೆ ಇಡ್ತಾರೆ?" ಸರಿಯಾದ ಪ್ರಶ್ನೆ. ಜೂನ್–ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದರೆ ನಮ್ಮ ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಪಿಎಚ್‌ಸಿಯ ಫ್ರಿಜ್ ಮಾಮೂಲಿನದಲ್ಲ, ಒಳಗೆ ಐಸಿನ ಗೋಡೆ ಇರುತ್ತದೆ, ಕರೆಂಟ್ ಹೋದರೂ ಸುಮಾರು ಹೊತ್ತು ತಂಪು ಹಿಡಿಯುತ್ತದೆ ಎಂದು ನಮಗೆ ತೋರಿಸಿದವರಿಲ್ಲ. ಬಾಟಲಿಯ ಮೇಲೊಂದು ಸಣ್ಣ ಗುರುತು ಇರುತ್ತದೆ: ಸುತ್ತಲೂ ಬಣ್ಣದ ವೃತ್ತ, ನಡುವೆ ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮ ಆಯಿತೆಂದರೆ ಆ ಬಾಟಲಿ ಬೇಡ. ಓದಲು ಬರದವರೂ ನೋಡಿ ಹೇಳಬಹುದಾದ ಗುರುತು ಇದು. ಸೂಜಿ ಹಾಕುವ ಮೊದಲು ಸಿಸ್ಟರ್ ಅದನ್ನು ತಾಯಿಗೆ ತೋರಿಸಲಿ. ಫ್ರಿಜ್ಜಿನ ದಿನದ ತಾಪಮಾನವನ್ನು ಪಿಎಚ್‌ಸಿಯ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆದು ಹಾಕಲಿ. ಹಾಲಿನ ಡೈರಿಯಲ್ಲಿ ಫ್ಯಾಟ್ ಬರೆದು ತೋರಿಸುತ್ತಾರಲ್ಲ, ಅಷ್ಟು ಸಾಕು.

ಹೊಸ ಮಂಗನ ಕಾಯಿಲೆ ಲಸಿಕೆಯ ಪ್ರಯೋಗ ನಮ್ಮ ಜಿಲ್ಲೆಯಲ್ಲೂ ನಡೆಯಬಹುದು. ಅದಕ್ಕೆ ನಮ್ಮ ಜನ ಒಪ್ಪಬೇಕೆಂದರೆ 2010ರ ಒಂದು ಪ್ರಸಂಗವನ್ನು ನಿಮ್ಮ ಇಲಾಖೆ ಮರೆಯಬಾರದು. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಕೊಡುವ ಯೋಜನೆ ನಡೆದಿತ್ತು. ಏಳು ಹುಡುಗಿಯರು ಸತ್ತ ಸುದ್ದಿ ಬಂದು ಎಲ್ಲ ನಿಂತುಹೋಯಿತು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖೆ ಹೇಳಿತು. ಆದರೆ ಹಾಸ್ಟೆಲ್ ಹುಡುಗಿಯರ ಅಪ್ಪ ಅಮ್ಮನನ್ನು ಕೇಳದೆ ವಾರ್ಡನ್ ಸಹಿ ಹಾಕಿದ್ದರು ಎಂಬುದೂ ಹೊರಬಂತು. ಆ ಒಂದು ತಪ್ಪಿನಿಂದ ಒಳ್ಳೆಯ ಲಸಿಕೆಯೊಂದು ಎಷ್ಟೋ ವರ್ಷ ಹಿಂದೆ ಬಿತ್ತು. ನಮ್ಮಲ್ಲಿ ಕಾಡಿನಂಚಿನಲ್ಲಿ ಇರುವವರು ಯಾರು? ಸಿದ್ದಿಯರು, ಕುಣಬಿಗಳು, ಹಾಲಕ್ಕಿಗಳು, ಗೌಳಿಗಳು, ಬೆಟ್ಟ ನಂಬಿದ ಕೂಲಿಯವರು. ಅವರಿಗೆ ಅವರ ಮಾತಿನಲ್ಲಿ ಹೇಳಬೇಕು. ಕೊಂಕಣಿ ಬೇಕಾದಲ್ಲಿ ಕೊಂಕಣಿ, ಮರಾಠಿ ಬೇಕಾದಲ್ಲಿ ಮರಾಠಿ. ಬೇಡ ಅಂದವರ ರೇಷನ್ನಿಗೋ ಪಿಂಚಣಿಗೋ ಕೈ ಹಾಕಬಾರದು. ಯಾರನ್ನೂ ಬಲವಂತದಿಂದ ಲಸಿಕೆಗೆ ಒಳಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದೆ. ಲಸಿಕೆಯ ನಂತರದ ತೊಂದರೆಯನ್ನು ಜನರೇ ನೇರವಾಗಿ ದಾಖಲಿಸಲು ದಾರಿ ಇರಬೇಕು ಎಂದೂ ಅದೇ ತೀರ್ಪಿನಲ್ಲಿದೆ.

ಓದುತ್ತಿರುವ ಊರಿನವರಿಗೂ ಎರಡು ಮಾತು. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಗಡಿಬಿಡಿ ಮಾಡಿ ಬಸ್ ಹಿಡಿಯಬೇಡಿ. ತೀವ್ರ ಅಲರ್ಜಿ ಬರುವುದು ತೀರಾ ಅಪರೂಪ. ಬಂದರೆ ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಬರುತ್ತದೆ, ಅದಕ್ಕೆ ಬೇಕಾದ ಇಂಜೆಕ್ಷನ್ ಅವರ ಕಿಟ್ಟಿನಲ್ಲಿ ಇರುತ್ತದೆ. ಕ್ಷಯಕ್ಕೆ ಕೊಡುವ ಬಿಸಿಜಿ ಲಸಿಕೆ ಹಾಕಿದ ಜಾಗ ಕೆಲವು ವಾರದ ಮೇಲೆ ಗುಳ್ಳೆಯಾಗಿ ಕೀವು ಬಂದರೆ ಗಾಬರಿ ಬೇಡ, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನದ ದಿನ ವಾಟ್ಸಾಪಿನ ಒಂದು ಮೆಸೇಜ್ ನೋಡಿ ಮಕ್ಕಳನ್ನು ಶಾಲೆಗೇ ಕಳಿಸದವರು ನಮ್ಮಲ್ಲಿ ಇದ್ದರು. ಆ ಮೆಸೇಜ್ ಬರೆದವರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಂಶಯ ಬಂದರೆ ಸಂಶಯವನ್ನೇ ಬರೆದು ಕೊಡಿ. ಆಶಾ ಬರೆದುಕೊಳ್ಳದಿದ್ದರೆ 1800-180-3024ಕ್ಕೆ ಫೋನ್ ಮಾಡಿ. ಔಷಧಿ, ಲಸಿಕೆಗಳ ಅಡ್ಡ ಪರಿಣಾಮ ದಾಖಲಿಸಿಕೊಳ್ಳಲೆಂದೇ ಇರುವ ಉಚಿತ ನಂಬರ್ ಅದು. ತಾಯಿ ಕಾರ್ಡ್ ಕಳೆಯಬೇಡಿ, ಬ್ಯಾಚ್ ನಂಬರ್ ಹುಡುಕಲು ಅದೇ ಗತಿ.

ಇನ್ನು ನಿಮ್ಮಿಂದ ಬೇಕಾದದ್ದು. ಈ ಜಿಲ್ಲೆಯಿಂದ ಯಾವ ಗಂಭೀರ ಪ್ರಕರಣದ ವರದಿ ಮೇಲೆ ಹೋದರೂ, ತೀರ್ಮಾನ ಬಂದ ಮೇಲೆ ಆ ಮನೆಗೆ ಕನ್ನಡದಲ್ಲಿ ಒಂದು ಪತ್ರ ಬರಬೇಕು. ಪತ್ರ ಹಿಡಿದು ಪಿಎಚ್‌ಸಿ ಡಾಕ್ಟರೇ ಹೋಗಬೇಕು. ತೀರ್ಮಾನ ತಡವಾದರೆ ತಡವಾಗಿದೆ ಎಂದಾದರೂ ತಿಳಿಸಬೇಕು. ಮನೆಯವರು ಒಪ್ಪಿದರೆ, ಹೆಸರು ಹೇಳದೆ ಗ್ರಾಮಸಭೆಯಲ್ಲಿ ಓದಬೇಕು. ಲಸಿಕೆಯಿಂದಲೇ ಆಯಿತು ಎಂದಾದರೆ ಹಾಗೇ ಹೇಳಿ, ಆಸ್ಪತ್ರೆಯ ಖರ್ಚು ಯಾರು ಕೊಡುತ್ತಾರೆ ಎಂದೂ ಹೇಳಿ. ವರ್ಷಕ್ಕೊಮ್ಮೆ ತಾಲೂಕುವಾರು ಲೆಕ್ಕ ಪತ್ರಿಕೆಗೆ ಕೊಡಿ: ಎಷ್ಟು ಡೋಸ್, ಎಷ್ಟು ವರದಿ, ಎಷ್ಟಕ್ಕೆ ಕಾರಣ ಸಿಕ್ಕಿತು, ಎಷ್ಟು ಬಾಕಿ.

ಮೊದಲನೆಯದಾಗಿ ಹಳೆಯ ಮಂಗನ ಕಾಯಿಲೆ ಲಸಿಕೆಯ ವಿಷಯ ಮುಗಿಸಿ. ಯಾವ ವರ್ಷ ಯಾವ ಬ್ಯಾಚ್ ನಮ್ಮ ಯಾವ ಪಿಎಚ್‌ಸಿಗೆ ಬಂತು, ಅದರ ಪರೀಕ್ಷೆಯ ಫಲಿತಾಂಶ ಏನು ಎಂಬ ಪಟ್ಟಿ ಹಾಕಿ. ನವೆಂಬರ್ ಕಳೆದರೆ ಉಣುಗಿನ ಕಾಲ ಶುರು, ನಮ್ಮ ಅಡಿಕೆ ಕೊಯ್ಲೂ ಶುರು. ಅದಕ್ಕೂ ಮೊದಲಿನ ಗ್ರಾಮಸಭೆಗೆ ನಿಮ್ಮ ಒಬ್ಬ ಅಧಿಕಾರಿಯನ್ನು ಆ ಪಟ್ಟಿಯ ಜೊತೆ ಕಳಿಸಿ. ಸಭೆಯ ದಿನಾಂಕವನ್ನು ಪಂಚಾಯ್ತಿಯಿಂದ ನಿಮ್ಮ ಕಚೇರಿಗೆ ಬರೆದು ತಿಳಿಸುತ್ತೇವೆ. ಬರಲು ಆಗದಿದ್ದರೆ ಉತ್ತರವನ್ನು ಪತ್ರಿಕೆಯಲ್ಲೇ ಕೊಡಿ, ಸಭೆಯಲ್ಲಿ ನಾನೇ ಓದುತ್ತೇನೆ.

ಇಂತಿ ವಿಶ್ವಾಸಿ,
ಗ್ರಾಮ ಆರೋಗ್ಯ ಸಮಿತಿಯ ಒಬ್ಬ ಸದಸ್ಯೆ
ಶಿರಸಿ ತಾಲೂಕು